ಸೂಜಿಯಿಂದ ಗುಳಿಗೆಗೆ: ಹೆಪಟೈಟಿಸ್ ಸಿ ಚಿಕಿತ್ಸೆಯ ಕಥೆ

ಹೆಪಟೈಟಿಸ್ ಸಿ ರೋಗಿಗಳು ಒಂದು ಕಾಲಕ್ಕೆ ವರ್ಷವಿಡೀ ಚುಚ್ಚಿಸಿಕೊಂಡು ನರಳಬೇಕಿತ್ತು. ಹಾಗೆ ನರಳಿದವರಲ್ಲೂ ಅರ್ಧದಷ್ಟು ಮಂದಿಗೆ ಗುಣವಾಗುತ್ತಿರಲಿಲ್ಲ. ಇಂದು ಹೆಚ್ಚಿನವರಿಗೆ ಹನ್ನೆರಡು ವಾರ ಗುಳಿಗೆ ನುಂಗಿದರೆ ಸಾಕು. ಈ ಬದಲಾವಣೆ ಆದದ್ದು ಹೇಗೆ? ಇಷ್ಟಾದರೂ ರೋಗ ನಮ್ಮ ನಡುವೆ ಉಳಿದಿರುವುದೇಕೆ?

ಕಾಮಾಲೆ ಎಂದರೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಕಣ್ಣು ಹಳದಿಯಾಯಿತು, ಮೂತ್ರ ಹಳದಿಯಾಯಿತು, ಊಟ ಸೇರದಾಯಿತು ಎಂದೊಡನೆ ಮನೆಯ ಹಿರಿಯರೇ ರೋಗದ ಹೆಸರು ಹೇಳಿಬಿಡುತ್ತಾರೆ. ಎಣ್ಣೆ, ಖಾರ ಬಿಡಿಸಿ ಮಜ್ಜಿಗೆ ಅನ್ನ ಹಾಕುತ್ತಾರೆ. ನೆಲನೆಲ್ಲಿ ಅರೆದು ಕುಡಿಸುವವರೂ ಉಂಟು. ಕೆಲವು ವಾರಗಳಲ್ಲಿ ಹಳದಿ ಇಳಿದು ರೋಗಿ ಎದ್ದು ಓಡಾಡುತ್ತಾನೆ. ಹೆಚ್ಚಿನ ವೇಳೆ ಇದು ಕೊಳಕು ನೀರು, ಕೊಳಕು ಆಹಾರದ ಮೂಲಕ ಬರುವ ಹೆಪಟೈಟಿಸ್ ಎ ಅಥವಾ ಇ ವೈರಸ್ಸಿನ ಕೆಲಸ. ಸಾಮಾನ್ಯವಾಗಿ ಅದು ಬಂದ ಹಾಗೆಯೇ ಹೋಗುತ್ತದೆ. ಗುಣವಾದ ಕೀರ್ತಿ ಮಾತ್ರ ಆ ಹೊತ್ತಿಗೆ ಕೊಟ್ಟ ಮದ್ದಿಗೆ ಸಲ್ಲುತ್ತದೆ!

ಆದರೆ ಇದೇ ಪಿತ್ತಜನಕಾಂಗವನ್ನು ಹಿಡಿಯುವ ಇನ್ನೊಂದು ವೈರಸ್ ಇದೆ. ಅದು ಬಂದಾಗ ಕಣ್ಣು ಹಳದಿಯಾಗುವುದು ಅಪರೂಪ. ಜ್ವರವೂ ಕಾಣದೆ ಹೋಗಬಹುದು. ಬಂದದ್ದು ತಿಳಿಯುವುದಿಲ್ಲ, ಬಂದ ಮೇಲೆ ಹೋಗುವುದೂ ಇಲ್ಲ. ಅದೇ ಹೆಪಟೈಟಿಸ್ ಸಿ.

ಸದ್ದು ಮಾಡದ ರೋಗ

ಪಿತ್ತಜನಕಾಂಗ ಬಹಳ ಸಹನೆಯ ಅಂಗ. ಸುಮಾರು ಒಂದೂವರೆ ಕಿಲೋ ತೂಗುವ ಅದರ ಒಳಭಾಗದಲ್ಲಿ ನೋವು ತಿಳಿಸುವ ನರಗಳಿಲ್ಲ. ಒಂದಿಷ್ಟು ಭಾಗ ಕೆಟ್ಟರೂ ಉಳಿದ ಭಾಗ ಕೆಲಸ ತೂಗಿಸಿಕೊಂಡು ಹೋಗುತ್ತದೆ. ಹೆಪಟೈಟಿಸ್ ಸಿ ವೈರಸ್ಸಿಗೆ ಇದು ದೊಡ್ಡ ಅನುಕೂಲ.

ಸೋಂಕು ತಗುಲಿದ ನೂರು ಜನರಲ್ಲಿ ಸುಮಾರು ಮೂವತ್ತು ಮಂದಿಯ ದೇಹ ಯಾವ ಔಷಧವೂ ಇಲ್ಲದೆ ಆರು ತಿಂಗಳೊಳಗೆ ವೈರಸ್ಸನ್ನು ಹೊರಗಟ್ಟುತ್ತದೆ. ಉಳಿದ ಎಪ್ಪತ್ತು ಮಂದಿಯಲ್ಲಿ ಅದು ನೆಲೆಯೂರುತ್ತದೆ. ಪಿತ್ತಜನಕಾಂಗದ ಜೀವಕೋಶಗಳು ಸಾಯುತ್ತ, ಆ ಜಾಗದಲ್ಲಿ ಗಾಯದ ಕಲೆಯಂತಹ ನಾರು ಬೆಳೆಯುತ್ತ ಹೋಗುತ್ತದೆ. ಹೀಗೆ ಸೋಂಕು ನೆಲೆಯೂರಿದವರಲ್ಲಿ ಶೇಕಡ 15ರಿಂದ 30 ಮಂದಿಗೆ ಇಪ್ಪತ್ತು ವರ್ಷಗಳೊಳಗೆ ಸಿರೋಸಿಸ್ ಬರುತ್ತದೆ. ಅಂದರೆ ಮೆತ್ತಗಿರಬೇಕಾದ ಅಂಗ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಮುಂದೆ ಹೊಟ್ಟೆಯಲ್ಲಿ ನೀರು ತುಂಬುವುದು, ನೆತ್ತರು ವಾಂತಿ, ಕೆಲವರಲ್ಲಿ ಕ್ಯಾನ್ಸರ್. ಕುಡಿತದ ಚಟ ಜೊತೆಗಿದ್ದರೆ ಈ ಪಯಣ ಇನ್ನೂ ಬೇಗ ಮುಗಿಯುತ್ತದೆ. ಇಪ್ಪತ್ತೈದರ ಹರೆಯದಲ್ಲಿ ಹೊಕ್ಕ ವೈರಸ್ ಐವತ್ತರಲ್ಲಿ, ಮಕ್ಕಳ ಓದು, ಮದುವೆಯ ಜವಾಬ್ದಾರಿ ತಲೆಯ ಮೇಲಿರುವಾಗ, ಎದ್ದು ನಿಲ್ಲುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಲ್ಲಿ ಈ ಸೋಂಕು ನೆಲೆಸಿದೆ. 2022ರಲ್ಲಿ ಇದರಿಂದ ಸತ್ತವರು ಸುಮಾರು 2 ಲಕ್ಷ 42 ಸಾವಿರ. ಅದೇ ವರ್ಷ ಭಾರತದಲ್ಲಿ ಸೋಂಕಿತರ ಸಂಖ್ಯೆ ಸುಮಾರು 55 ಲಕ್ಷ ಎಂದು ಅದು ಲೆಕ್ಕ ಹಾಕಿದೆ.

ಎ-ಯೂ ಅಲ್ಲ, ಬಿ-ಯೂ ಅಲ್ಲ!

ಈ ವೈರಸ್ಸಿನ ಪತ್ತೆಯ ಕಥೆ ಯಾವ ಪತ್ತೇದಾರಿ ಕಾದಂಬರಿಗೂ ಕಡಿಮೆಯಿಲ್ಲ. ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಹಾರ್ವೆ ಆಲ್ಟರ್ ಎಂಬ ವೈದ್ಯ ವಿಜ್ಞಾನಿ ರಕ್ತ ಪಡೆದ ರೋಗಿಗಳ ಮೇಲೆ ನಿಗಾ ಇಟ್ಟಿದ್ದರು. ಶಸ್ತ್ರಚಿಕಿತ್ಸೆಯೇನೋ ಯಶಸ್ವಿಯಾಗುತ್ತಿತ್ತು. ಕೆಲವು ವಾರಗಳ ನಂತರ ಅನೇಕರ ಪಿತ್ತಜನಕಾಂಗ ಊದಿಕೊಳ್ಳುತ್ತಿತ್ತು. ಹೆಪಟೈಟಿಸ್ ಬಿ ವೈರಸ್ಸನ್ನು ಬರೂಕ್ ಬ್ಲೂಂಬರ್ಗ್ ಅದಾಗಲೇ ಗುರುತಿಸಿದ್ದರು. 1973ರಲ್ಲಿ ಎ ವೈರಸ್ಸೂ ಕಣ್ಣಿಗೆ ಬಿತ್ತು. ಆದರೆ ಆಲ್ಟರ್ ಅವರ ಹೆಚ್ಚಿನ ರೋಗಿಗಳ ನೆತ್ತರಿನಲ್ಲಿ ಎರಡರ ಸುಳಿವೂ ಇರಲಿಲ್ಲ. ಬೇರೆ ದಾರಿ ಕಾಣದೆ 1975ರಲ್ಲಿ ಅವರು ಮತ್ತು ಸಂಗಡಿಗರು ಇದನ್ನು 'ಎ-ಯೂ ಅಲ್ಲದ, ಬಿ-ಯೂ ಅಲ್ಲದ ಹೆಪಟೈಟಿಸ್' ಎಂದು ಕರೆದರು. ಇದು ಹೆಸರೇ? 'ಅವನಲ್ಲ, ಇವನಲ್ಲ' ಎಂದರೆ ಕಳ್ಳನ ಹೆಸರು ಹೇಳಿದಂತಾಗುತ್ತದೆಯೇ? ಆದರೂ ಹದಿನಾಲ್ಕು ವರ್ಷ ಅದೇ ಹೆಸರು ನಡೆಯಿತು.

ಕ್ಯಾಲಿಫೋರ್ನಿಯಾದ ಕೈರಾನ್ ಕಂಪನಿಯಲ್ಲಿದ್ದ ಮೈಕೆಲ್ ಹೌಟನ್, ಕ್ವಿ-ಲಿಮ್ ಚೂ, ಜಾರ್ಜ್ ಕುವೊ ಅವರು, ಸರ್ಕಾರಿ ಸಂಶೋಧಕ ಡೇನಿಯಲ್ ಬ್ರಾಡ್ಲಿಯವರ ಜೊತೆ ಸೇರಿ ಬೇರೊಂದು ದಾರಿ ಹಿಡಿದರು. ವೈರಸ್ಸನ್ನು ನೋಡಲಾಗದು, ಬೆಳೆಸಲಾಗದು. ಸರಿ, ಅದರ ತುಣುಕನ್ನಾದರೂ ಹಿಡಿಯೋಣ ಎಂದು ಹೊರಟರು. ಸೋಂಕು ತಗುಲಿದ ಚಿಂಪಾಂಜಿಯ ನೆತ್ತರಿನಲ್ಲಿದ್ದ ಅನುವಂಶೀಯ ವಸ್ತುವನ್ನೆಲ್ಲ ಚೂರು ಮಾಡಿ, ಒಂದೊಂದು ಚೂರನ್ನೂ ಬ್ಯಾಕ್ಟೀರಿಯಾಗಳಲ್ಲಿ ಇಟ್ಟು ಪ್ರೋಟೀನ್ ಮಾಡಿಸಿದರು. ರೋಗಿಯ ನೆತ್ತರಿನಲ್ಲಿರುವ ಪ್ರತಿಕಾಯಗಳು ಅವುಗಳಲ್ಲಿ ಯಾವುದನ್ನಾದರೂ ಗುರುತಿಸುತ್ತವೆಯೇ ಎಂದು ಒಂದೊಂದನ್ನೇ ಪರೀಕ್ಷಿಸಿದರು. ಲಕ್ಷಗಟ್ಟಲೆ ಚೂರುಗಳಲ್ಲಿ ಕೊನೆಗೆ ಸಿಕ್ಕಿದ್ದು ಒಂದೇ ಒಂದು! ಆ ಒಂದು ಎಳೆ ಹಿಡಿದು ಎಳೆದಾಗ ಇಡೀ ವೈರಸ್ಸಿನ ಪರಿಚಯವಾಯಿತು. 1989ರಲ್ಲಿ ಅದಕ್ಕೆ ಹೆಪಟೈಟಿಸ್ ಸಿ ಎಂದು ನಾಮಕರಣವಾಯಿತು. ಬೆನ್ನಿಗೇ ರಕ್ತ ಪರೀಕ್ಷೆ ಬಂದು, ರಕ್ತನಿಧಿಗಳು ಸೋಂಕಿನ ರಕ್ತವನ್ನು ಬೇರ್ಪಡಿಸತೊಡಗಿದವು.

ಆದರೂ ಒಂದು ಸಂಶಯ ಉಳಿದಿತ್ತು. ರೋಗಕ್ಕೆ ಈ ವೈರಸ್ ಒಂದೇ ಸಾಕೇ? ಅಮೆರಿಕದ ಸೇಂಟ್ ಲೂಯಿಯಲ್ಲಿದ್ದ ಚಾರ್ಲ್ಸ್ ರೈಸ್ ಇದಕ್ಕೆ ಉತ್ತರ ಕೊಟ್ಟರು. ವೈರಸ್ಸಿನ ಆರ್‌ಎನ್‌ಎಯ ತುದಿಯಲ್ಲಿ ಎಲ್ಲರ ಕಣ್ಣು ತಪ್ಪಿಸಿದ್ದ ಒಂದು ತುಣುಕನ್ನೂ ಸೇರಿಸಿ ಪ್ರಯೋಗಾಲಯದಲ್ಲಿ ಪೂರ್ಣ ಆರ್‌ಎನ್‌ಎ ತಯಾರಿಸಿದರು. ಅದನ್ನು ಚಿಂಪಾಂಜಿಯ ಪಿತ್ತಜನಕಾಂಗಕ್ಕೆ ಚುಚ್ಚಿದಾಗ ಸೋಂಕು ಕಾಣಿಸಿಕೊಂಡಿತು. ಇದು 1997ರ ಮಾತು. ಆಲ್ಟರ್, ಹೌಟನ್, ರೈಸ್ ಮೂವರಿಗೂ 2020ರ ನೊಬೆಲ್ ಪ್ರಶಸ್ತಿ ಸಂದಿತು. ಹೌಟನ್ ಇದಕ್ಕೂ ಮೊದಲು, 2013ರಲ್ಲಿ, ಕೆನಡಾದ ಪ್ರತಿಷ್ಠಿತ ಗೈರ್ಡ್ನರ್ ಪ್ರಶಸ್ತಿಯನ್ನು ಬೇಡವೆಂದಿದ್ದರು. ಜೊತೆಗೆ ದುಡಿದ ಚೂ ಮತ್ತು ಕುವೊ ಅವರ ಹೆಸರು ಅದರಲ್ಲಿಲ್ಲ ಎಂಬುದೇ ಅವರ ಕಾರಣ. ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಇದು.

ರೋಗಕ್ಕಿಂತ ಮದ್ದೇ ಕಷ್ಟ

ಇನ್ನು ಚಿಕಿತ್ಸೆಗೆ ಬರೋಣ. ಸ್ವಾರಸ್ಯವೆಂದರೆ ವೈರಸ್ ಸಿಗುವ ಮೊದಲೇ ಮದ್ದು ಬಂದಿತ್ತು! ಅದರ ಹೆಸರು ಇಂಟರ್‌ಫೆರಾನ್.

1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಕೋಳಿಮೊಟ್ಟೆಯ ಪೊರೆಯ ಮೇಲೆ ಫ್ಲೂ ವೈರಸ್ಸಿನ ಪ್ರಯೋಗ ನಡೆಸಿದ್ದರು. ಕಾಯಿಸಿ ಕೊಂದ ವೈರಸ್ ಸೋಕಿದ ಪೊರೆ ಯಾವುದೋ ವಸ್ತುವನ್ನು ಹೊರಬಿಡುತ್ತಿತ್ತು. ಆ ವಸ್ತು ಬೇರೆ ಪೊರೆಯನ್ನೂ ವೈರಸ್ಸಿನಿಂದ ಕಾಪಾಡುತ್ತಿತ್ತು. ಊರಿಗೆ ಕಳ್ಳ ಬಂದಾಗ ಒಂದು ಮನೆಯವರು ಕೂಗಿ ಅಕ್ಕಪಕ್ಕದವರನ್ನು ಎಬ್ಬಿಸುವುದಿಲ್ಲವೇ, ಹಾಗೆ. ನಮ್ಮ ದೇಹವೂ ಇದನ್ನು ತಯಾರಿಸುತ್ತದೆ. ಮೊದಮೊದಲು ಫಿನ್ಲೆಂಡಿನ ಕಾರಿ ಕಾಂಟೆಲ್ ರಕ್ತದಾನಿಗಳ ಬಿಳಿ ರಕ್ತಕಣಗಳಿಂದ ಚೂರುಪಾರು ತೆಗೆಯುತ್ತಿದ್ದರು. 1980ರ ಸುಮಾರಿಗೆ ಅದರ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ಧಾರಾಳವಾಗಿ ತಯಾರಿಸುವುದು ಸಾಧ್ಯವಾಯಿತು. 1986ರಲ್ಲಿ ಅಮೆರಿಕದ ಜೇ ಹೂಫ್‌ನೇಗಲ್ ಮತ್ತು ಸಂಗಡಿಗರು ಹೆಸರಿಲ್ಲದ ಆ ಹೆಪಟೈಟಿಸ್‌ನ ಹತ್ತು ರೋಗಿಗಳಿಗೆ ಇದನ್ನು ಕೊಟ್ಟು ನೋಡಿದರು. ಹಲವರಲ್ಲಿ ಪಿತ್ತಜನಕಾಂಗದ ಊತ ಇಳಿಯಿತು. 1991ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಒಪ್ಪಿಗೆ ಕೊಟ್ಟಿತು.

ಆದರೆ ಎಂಥ ಚಿಕಿತ್ಸೆ ಅದು! ವಾರಕ್ಕೆ ಮೂರು ಚುಚ್ಚುಮದ್ದು. 48 ವಾರ ತೆಗೆದುಕೊಂಡರೆ 144 ಬಾರಿ ಸೂಜಿ. ಇಂಟರ್‌ಫೆರಾನ್ ವೈರಸ್ಸನ್ನು ನೇರವಾಗಿ ಕೊಲ್ಲುವುದಿಲ್ಲ, ದೇಹದ ರಕ್ಷಣಾ ವ್ಯವಸ್ಥೆಯನ್ನು ಬಡಿದೆಬ್ಬಿಸುತ್ತದೆ. ಫ್ಲೂ ಬಂದಾಗ ನಮಗೆ ಚಳಿ, ಜ್ವರ, ಮೈಕೈ ನೋವು ಬರುವುದಕ್ಕೂ ಬಹುಪಾಲು ಇಂಥ ವಸ್ತುಗಳೇ ಕಾರಣ. ಆದ್ದರಿಂದ ಇಂಟರ್‌ಫೆರಾನ್ ತೆಗೆದುಕೊಂಡವರಿಗೆ ತಿಂಗಳುಗಟ್ಟಲೆ ಫ್ಲೂ ಜ್ವರದ ಬದುಕು. ಕೂದಲು ಉದುರುವುದು, ತೂಕ ಇಳಿಯುವುದು, ಬಿಳಿ ರಕ್ತಕಣಗಳು ಕುಸಿಯುವುದು, ಥೈರಾಯ್ಡ್ ತೊಂದರೆ ಎಲ್ಲ ಇದ್ದವು. ಎಲ್ಲಕ್ಕಿಂತ ಕಳವಳದ್ದು ಮನಸ್ಸಿನ ಮೇಲಿನ ಪರಿಣಾಮ. ನಗುನಗುತ್ತಿದ್ದವರು ಖಿನ್ನತೆಗೆ ಜಾರಿ ಜೀವವೇ ಬೇಡವೆನ್ನುವ ಹಂತಕ್ಕೆ ಹೋದದ್ದುಂಟು.

ಇಷ್ಟು ಪಟ್ಟರೂ ಗುಣವಾಗುತ್ತಿದ್ದವರು ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ. 1998ರಲ್ಲಿ ರಿಬಾವಿರಿನ್ ಎಂಬ ಗುಳಿಗೆ ಜೊತೆಗೂಡಿದಾಗ ಇದು ಸುಮಾರು ನಲವತ್ತಕ್ಕೆ ಏರಿತು. ಆದರೆ ರಿಬಾವಿರಿನ್ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುತ್ತಿತ್ತು. ಗರ್ಭದಲ್ಲಿರುವ ಶಿಶುವಿಗಂತೂ ಅಪಾಯ. 2001ರಲ್ಲಿ ವಾರಕ್ಕೆ ಒಂದೇ ಬಾರಿ ಚುಚ್ಚಿದರೆ ಸಾಕಾಗುವ ಪೆಗ್-ಇಂಟರ್‌ಫೆರಾನ್ ಬಂತು. ಗುಣವಾಗುವವರ ಪ್ರಮಾಣ ಅರ್ಧವನ್ನು ದಾಟಿತು. ಸಿರೋಸಿಸ್ ಮುಂದುವರಿದು ಚಿಕಿತ್ಸೆ ನಿಜಕ್ಕೂ ತುರ್ತಾಗಿದ್ದವರಿಗೆ ಈ ಮದ್ದನ್ನು ತಾಳಿಕೊಳ್ಳುವ ಶಕ್ತಿಯೇ ಇರುತ್ತಿರಲಿಲ್ಲ. ಮದ್ದು ಬೇಕೇಬೇಕಾದವನಿಗೆ ಮದ್ದು ಕೊಡಲಾಗದ ಸ್ಥಿತಿ! ಸೌಮ್ಯವಾದ ಔಷಧ ಬೇಕೆಂಬ ಹಂಬಲ ಹುಟ್ಟಿದ್ದು ಇಲ್ಲಿ.

ವೈರಸ್ಸಿಗೆ ಮದ್ದು ಕಂಡುಹಿಡಿಯುವುದು ಏಕೆ ಕಷ್ಟ?

'ಸಾರ್, ಬ್ಯಾಕ್ಟೀರಿಯಾ ಕೊಲ್ಲಲು ಅಷ್ಟೊಂದು ಆಂಟಿಬಯೋಟಿಕ್ ಇವೆ, ವೈರಸ್ಸಿಗೆ ಏಕಿಲ್ಲ?' ತರಗತಿಯಲ್ಲಿ ಈ ಪ್ರಶ್ನೆ ಕೇಳದ ವರ್ಷವಿಲ್ಲ. ಒಳ್ಳೆಯ ಪ್ರಶ್ನೆ. ಬ್ಯಾಕ್ಟೀರಿಯಾ ತನ್ನದೇ ಮನೆ ಕಟ್ಟಿಕೊಂಡು ತನ್ನದೇ ಅಡುಗೆ ಮಾಡಿಕೊಳ್ಳುವ ಜೀವಿ. ಅದರ ಗೋಡೆ, ಅದರ ಯಂತ್ರ ನಮ್ಮದಕ್ಕಿಂತ ಬೇರೆ. ಅದನ್ನಷ್ಟೇ ಕೆಡಿಸಬಹುದು. ವೈರಸ್ ಹಾಗಲ್ಲ. ಅದು ನಮ್ಮ ಜೀವಕೋಶದೊಳಗೆ ನುಗ್ಗಿ ನಮ್ಮ ಒಲೆ, ನಮ್ಮ ಪಾತ್ರೆ, ನಮ್ಮ ದಿನಸಿಯಲ್ಲೇ ಅಡುಗೆ ಮಾಡುತ್ತದೆ. ಒಲೆ ಒಡೆದರೆ ನಾವೂ ಉಪವಾಸ!

ಆದ್ದರಿಂದ ವೈರಸ್ ತನ್ನ ಜೊತೆ ತಂದ ಸಾಮಾನು ಯಾವುದು ಎಂದು ಹುಡುಕಬೇಕು. ಹೆಪಟೈಟಿಸ್ ಸಿ ವೈರಸ್ಸಿನ ಆರ್‌ಎನ್‌ಎಯಲ್ಲಿ ಸುಮಾರು 9,600 ಅಕ್ಷರಗಳಿವೆ. ನಮ್ಮ ಜೀವಕೋಶ ಅದನ್ನು ಓದಿ ಮೂರು ಸಾವಿರದಷ್ಟು ಅಮೈನೊ ಆಮ್ಲಗಳ ಒಂದೇ ಉದ್ದನೆಯ ಪ್ರೋಟೀನ್ ಮಾಡುತ್ತದೆ. ಅದು ಹತ್ತು ತುಂಡಾದಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಇವುಗಳಲ್ಲಿ ಮೂರು ತುಂಡುಗಳು ನಮಗೆ ಮುಖ್ಯ. ಒಂದು, ಕತ್ತರಿಯಂತೆ ಪ್ರೋಟೀನನ್ನು ತುಂಡರಿಸುವ ಕಿಣ್ವ. ಎರಡು, ಆರ್‌ಎನ್‌ಎಯನ್ನು ನಕಲು ಮಾಡುವ ಪಾಲಿಮರೇಸ್ ಎಂಬ ಕಿಣ್ವ. ಮೂರು, ಎನ್‌ಎಸ್5ಎ ಎಂಬ ಪ್ರೋಟೀನು. ನಕಲು ಮಾಡುವ ಕಾರ್ಖಾನೆ ಕಟ್ಟುವುದಕ್ಕೂ ಹೊಸ ವೈರಸ್ಸನ್ನು ಜೋಡಿಸುವುದಕ್ಕೂ ಇದು ಬೇಕು. ಇವು ನಮ್ಮ ದೇಹದ ಸಾಮಾನುಗಳಲ್ಲ. ಇವನ್ನು ಕೆಡಿಸಿದರೆ ನಮಗೆ ನಷ್ಟವಿಲ್ಲ.

ಉಪಾಯ ಹೊಳೆದರೆ ಸಾಲದು, ಪರೀಕ್ಷಿಸಬೇಕಲ್ಲ? ಈ ವೈರಸ್ಸೋ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲವೆಂದು ಹಟ ಹಿಡಿದಿತ್ತು. 1999ರಲ್ಲಿ ಜರ್ಮನಿಯ ಮೈಂಜ್ ನಗರದಲ್ಲಿ ಫೋಲ್ಕರ್ ಲೋಮನ್ ಮತ್ತು ರಾಲ್ಫ್ ಬಾರ್ಟೆನ್‌ಶ್ಲಾಗರ್ ಒಂದು ಜಾಣ ದಾರಿ ಕಂಡರು. ವೈರಸ್ಸಿನ ಹೊರಕವಚದ ಜೀನುಗಳನ್ನು ತೆಗೆದು, ಆ ಜಾಗದಲ್ಲಿ ಒಂದು ವಿಷವನ್ನು ತಡೆದುಕೊಳ್ಳುವ ಜೀನನ್ನು ಇಟ್ಟರು. ಇದನ್ನು ಪಿತ್ತಜನಕಾಂಗದ ಜೀವಕೋಶಗಳಿಗೆ ಸೇರಿಸಿ ಮೇಲೆ ಆ ವಿಷ ಸುರಿದರು. ಯಾವ ಜೀವಕೋಶದಲ್ಲಿ ವೈರಸ್ಸಿನ ಆರ್‌ಎನ್‌ಎ ನಕಲಾಗುತ್ತಿದೆಯೋ ಅದು ಮಾತ್ರ ಬದುಕಿತು! ಕವಚವಿಲ್ಲದ್ದರಿಂದ ಇದು ರೋಗ ಹರಡದು. ನಕಲು ಯಂತ್ರ ಮಾತ್ರ ಓಡುತ್ತಿರುತ್ತದೆ. ಸಾವಿರಾರು ರಾಸಾಯನಿಕಗಳನ್ನು ಅದರ ಮೇಲೆ ಹಾಕಿ, ಯಾವುದು ಯಂತ್ರ ನಿಲ್ಲಿಸುತ್ತದೆ ಎಂದು ನೋಡಬಹುದು. ಔಷಧ ಕಂಪನಿಗಳಿಗೆ ಹೆದ್ದಾರಿ ತೆರೆದಂತಾಯಿತು. 2005ರಲ್ಲಿ ಜಪಾನಿನ ತಕಾಜಿ ವಕಿತಾ ಅವರ ತಳಿಯಿಂದ ಪೂರ್ಣ ವೈರಸ್ಸೂ ತಟ್ಟೆಯಲ್ಲಿ ಬೆಳೆಯಿತು.

ದಾರಿಯೇನೂ ನೇರವಾಗಿರಲಿಲ್ಲ. 2003ರಲ್ಲಿ ವರದಿಯಾದ ಮೊದಲ ಕತ್ತರಿ-ತಡೆ ಔಷಧ ಎರಡೇ ದಿನದಲ್ಲಿ ವೈರಸ್ಸನ್ನು ನೂರಾರು ಪಟ್ಟು ಇಳಿಸಿ ಬೆರಗು ಹುಟ್ಟಿಸಿತು. ಆದರೆ ಪ್ರಾಣಿಗಳ ಹೃದಯಕ್ಕೆ ಹಾನಿ ಮಾಡಿದ್ದರಿಂದ ಅದನ್ನು ಕೈಬಿಡಬೇಕಾಯಿತು. 2012ರಲ್ಲಿ ಇನ್ನೊಂದು ಔಷಧದ ಪ್ರಯೋಗವನ್ನು ಒಬ್ಬ ರೋಗಿ ಹೃದಯ ವೈಫಲ್ಯದಿಂದ ಸತ್ತ ಮೇಲೆ ನಿಲ್ಲಿಸಲಾಯಿತು. 2011ರಲ್ಲಿ ಒಪ್ಪಿಗೆ ಪಡೆದ ಟೆಲಾಪ್ರೆವಿರ್ ಮತ್ತು ಬೊಸೆಪ್ರೆವಿರ್ ಗುಳಿಗೆಗಳನ್ನೂ ಇಂಟರ್‌ಫೆರಾನ್ ಜೊತೆಗೇ ಕೊಡಬೇಕಿತ್ತು. ಹಳೆಯ ಕಷ್ಟಗಳಿಗೆ ಹೊಸ ಕಷ್ಟ ಸೇರಿತು.

ಮೋಸದ ಡಬ್ಬಿ

ತಿರುವು ತಂದದ್ದು ಸೋಫೊಸ್‌ಬುವಿರ್. ಫಾರ್ಮಾಸೆಟ್ ಎಂಬ ಸಣ್ಣ ಕಂಪನಿಯಲ್ಲಿ ಇದನ್ನು ರೂಪಿಸಿದ ತಂಡದ ನಾಯಕ ರಸಾಯನ ವಿಜ್ಞಾನಿ ಮೈಕೆಲ್ ಸೋಫಿಯಾ. ಔಷಧದ ಹೆಸರಿನಲ್ಲಿರುವುದು ಅವರ ಹೆಸರೇ.

ಗೂಡ್ಸ್ ರೈಲು ಜೋಡಿಸುವುದನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದರ ಹಿಂದೆ ಒಂದು ಡಬ್ಬಿ, ಕೊಂಡಿಗೆ ಕೊಂಡಿ. ವೈರಸ್ಸಿನ ಪಾಲಿಮರೇಸ್ ಕೂಡ ಎ, ಯು, ಜಿ, ಸಿ ಎಂಬ ನಾಲ್ಕು ಬಗೆಯ ಡಬ್ಬಿಗಳನ್ನು ಹೀಗೆಯೇ ಜೋಡಿಸಿ ಹೊಸ ಆರ್‌ಎನ್‌ಎ ಮಾಡುತ್ತದೆ. ಸೋಫೊಸ್‌ಬುವಿರ್ ನೋಡಲು ಯು ಡಬ್ಬಿಯಂತೆಯೇ ಇದೆ. ಪಾಲಿಮರೇಸ್ ಮೋಸಹೋಗಿ ಅದನ್ನು ಜೋಡಿಸುತ್ತದೆ. ಆದರೆ ಈ ಡಬ್ಬಿಯ ಪಕ್ಕದಲ್ಲಿ ರಸಾಯನ ವಿಜ್ಞಾನಿಗಳು ಒಂದು ಸಣ್ಣ ಉಬ್ಬನ್ನು ಇಟ್ಟಿದ್ದಾರೆ. ಆ ಉಬ್ಬು ಅಡ್ಡ ಬಂದು ಮುಂದಿನ ಡಬ್ಬಿಯ ಕೊಂಡಿ ಸೇರುವುದಿಲ್ಲ. ರೈಲು ಅರ್ಧಕ್ಕೇ ನಿಂತಿತು! ನಮ್ಮ ದೇಹದ ಪಾಲಿಮರೇಸ್‌ಗಳು ಮಾತ್ರ ಈ ಡಬ್ಬಿಯನ್ನು ಮುಟ್ಟುವುದಿಲ್ಲ. ಔಷಧ ಸೌಮ್ಯವಾಗಿರುವುದರ ಗುಟ್ಟು ಇದೇ.

ಇನ್ನೊಂದು ಜಾಣ್ಮೆಯೂ ಇದೆ. ಇಂಥ ಅಣುವಿನ ಮೇಲೆ ವಿದ್ಯುದಂಶವಿರುವುದರಿಂದ ಅದು ಜೀವಕೋಶದ ಪೊರೆ ದಾಟದು. ಅದಕ್ಕಾಗಿ ಅದನ್ನು ಒಂದು ರಾಸಾಯನಿಕ ಲಕೋಟೆಯಲ್ಲಿ ಮುಚ್ಚಿ ಕಳುಹಿಸುತ್ತಾರೆ. ಆ ಲಕೋಟೆ ಒಡೆಯುವ ಕಿಣ್ವಗಳು ಹೇರಳವಾಗಿರುವುದು ಪಿತ್ತಜನಕಾಂಗದಲ್ಲಿ. ವೈರಸ್ ಇರುವುದೂ ಅಲ್ಲೇ. ಕಾಗದ ಸರಿಯಾದ ವಿಳಾಸಕ್ಕೆ ತಲುಪಿತು!

ಆದರೂ ಒಂದೇ ಔಷಧ ಸಾಲದು. ಸೋಂಕಿತನ ದೇಹದಲ್ಲಿ ಈ ವೈರಸ್ ದಿನಕ್ಕೆ ಸುಮಾರು ಒಂದು ಲಕ್ಷ ಕೋಟಿ ಮರಿಗಳನ್ನು ಹುಟ್ಟಿಸುತ್ತದೆ. ಅದರ ನಕಲು ಯಂತ್ರ ತಪ್ಪು ತಿದ್ದುವುದಿಲ್ಲ. ಅಷ್ಟು ಕಾಗುಣಿತ ತಪ್ಪುಗಳಲ್ಲಿ ಯಾವುದೋ ಒಂದು ತಪ್ಪು ಔಷಧದಿಂದ ಪಾರಾಗುವ ದಾರಿಯಾಗಬಹುದು. ಎರಡು ಬೇರೆ ಬೇರೆ ಕಡೆ ಹೊಡೆದರೆ, ಎರಡರಿಂದಲೂ ಒಟ್ಟಿಗೆ ಪಾರಾಗುವ ಮರಿ ಹುಟ್ಟುವುದು ಬಲು ಅಪರೂಪ. ಕ್ಷಯರೋಗಕ್ಕೆ ಹಲವು ಮಾತ್ರೆ ಒಟ್ಟಿಗೆ ಕೊಡುವುದೂ ಇದೇ ತರ್ಕದಿಂದ. ಹಾಗಾಗಿ ಸೋಫೊಸ್‌ಬುವಿರ್ ಜೊತೆ ಎನ್‌ಎಸ್5ಎ ತಡೆಯುವ ಡಕ್ಲಾಟಾಸ್ವಿರ್ ಅಥವಾ ವೆಲ್ಪಟಾಸ್ವಿರ್ ಸೇರಿಸುತ್ತಾರೆ.

ಇಂಟರ್‌ಫೆರಾನ್ ಇಲ್ಲದೆ ಗುಣವಾದೀತೇ ಎಂಬ ಅನುಮಾನ ಬಗೆಹರಿದದ್ದು ಸಣ್ಣ ಪ್ರಯೋಗಗಳಲ್ಲಿ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬರೀ ಎರಡು ಗುಳಿಗೆ ತೆಗೆದುಕೊಂಡ 11 ಮಂದಿಯಲ್ಲಿ 4 ಮಂದಿ ಗುಣವಾದರು. ನಾಲ್ಕೇ ಆದರೂ, ಸೂಜಿಯಿಲ್ಲದೆ ಸಾಧ್ಯ ಎಂಬುದು ಖಚಿತವಾಯಿತು. 2013ರಲ್ಲಿ ಪ್ರಕಟವಾದ ನ್ಯೂಜಿಲೆಂಡಿನ ಎಡ್ವರ್ಡ್ ಗೇನ್ ಅವರ ಅಧ್ಯಯನದಲ್ಲಿ ಸೋಫೊಸ್‌ಬುವಿರ್ ಮತ್ತು ರಿಬಾವಿರಿನ್ ಮಾತ್ರ ಪಡೆದ ಹತ್ತಕ್ಕೆ ಹತ್ತೂ ಮಂದಿ ಗುಣವಾದರು. 2013ರ ಡಿಸೆಂಬರಿನಲ್ಲಿ ಸೋಫೊಸ್‌ಬುವಿರ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇಂದಿನ ಜೋಡಿ ಗುಳಿಗೆಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಅಡ್ಡ ಪರಿಣಾಮವೆಂದರೆ ಹೆಚ್ಚಿನವರಿಗೆ ತಲೆನೋವು, ಒಂದಿಷ್ಟು ಆಯಾಸ. ಎಚ್‌ಐವಿ, ಹೆಪಟೈಟಿಸ್ ಬಿ ವೈರಸ್‌ಗಳು ಜೀವಕೋಶದ ಕೇಂದ್ರಕ್ಕೇ ಹೊಕ್ಕು ಡಿಎನ್‌ಎ ರೂಪದಲ್ಲಿ ಅಡಗುತ್ತವೆ. ಹೆಪಟೈಟಿಸ್ ಸಿ ಹಾಗೆ ಅಡಗುವುದಿಲ್ಲ. ನಕಲು ನಿಂತರೆ ಅದರ ವಂಶವೇ ನಿಂತಂತೆ. ಆದ್ದರಿಂದಲೇ ಇಲ್ಲಿ 'ಪೂರ್ತಿ ಗುಣ' ಎಂಬ ಮಾತನ್ನು ವೈದ್ಯರು ಧೈರ್ಯವಾಗಿ ಹೇಳುತ್ತಾರೆ.

ಒಂದು ಗುಳಿಗೆಗೆ ಸಾವಿರ ಡಾಲರ್!

ಮದ್ದು ಸೌಮ್ಯ, ಬೆಲೆ? ಫಾರ್ಮಾಸೆಟ್ ಅನ್ನು ಸುಮಾರು 1,100 ಕೋಟಿ ಡಾಲರಿಗೆ ಕೊಂಡಿದ್ದ ಗಿಲಿಯಡ್ ಕಂಪನಿ ಅಮೆರಿಕದಲ್ಲಿ ಹನ್ನೆರಡು ವಾರದ ಚಿಕಿತ್ಸೆಗೆ 84,000 ಡಾಲರ್ ಬೆಲೆ ಕಟ್ಟಿತು. 84 ಗುಳಿಗೆ, ಒಂದಕ್ಕೆ ಸಾವಿರ ಡಾಲರ್. ಸಿರಿವಂತ ದೇಶಗಳೇ ಬೆಚ್ಚಿಬಿದ್ದವು. ಹೆಚ್ಚು ಕಾಯಿಲೆಯಾದವರಿಗೆ ಮೊದಲು ಎಂದು ಸಾಲು ಹಚ್ಚಿದವು. ಪ್ರಾಣ ಉಳಿಸುವ ವಸ್ತುವಿಗೆ ಎಷ್ಟು ಬೆಲೆ ನ್ಯಾಯ ಎಂಬ ಚರ್ಚೆ ಜಗತ್ತಿನಾದ್ಯಂತ ನಡೆಯಿತು.

2014ರ ಸೆಪ್ಟೆಂಬರಿನಲ್ಲಿ ಗಿಲಿಯಡ್ ಭಾರತದ ಔಷಧ ತಯಾರಕರೊಡನೆ ಒಪ್ಪಂದ ಮಾಡಿಕೊಂಡಿತು. ತೊಂಬತ್ತಕ್ಕೂ ಹೆಚ್ಚು ಬಡ ಹಾಗೂ ಬೆಳೆಯುತ್ತಿರುವ ದೇಶಗಳಿಗೆ ಅಗ್ಗದ ಗುಳಿಗೆ ತಯಾರಿಸಲು ಏಳು ಕಂಪನಿಗಳಿಗೆ ಪರವಾನಗಿ ಸಿಕ್ಕಿತು. ಅವುಗಳಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಆರ್ಕೋಲ್ಯಾಬ್ ಕೂಡ ಒಂದು. 2015ರ ಮಾರ್ಚಿನಲ್ಲಿ ಹೈದರಾಬಾದಿನ ನ್ಯಾಟ್ಕೊ ಕಂಪನಿ ತನ್ನ ಗುಳಿಗೆಯನ್ನು ಮಾರುಕಟ್ಟೆಗೆ ತಂದಿತು. 28 ಗುಳಿಗೆಗಳ ಒಂದು ಡಬ್ಬಿಗೆ ಬೆಲೆ 19,900 ರೂಪಾಯಿ. ಹನ್ನೆರಡು ವಾರಕ್ಕೆ ಮೂರು ಡಬ್ಬಿ, ಅಂದರೆ 59,700 ರೂಪಾಯಿ. ಆಗಿನ ವಿನಿಮಯ ದರದಲ್ಲಿ ಸಾವಿರ ಡಾಲರ್ ಎಂದರೂ 60 ಸಾವಿರ ರೂಪಾಯಿಗೆ ಮೇಲೆಯೇ. ಲೆಕ್ಕ ಅರ್ಥವಾಯಿತೇ? ಅಲ್ಲಿನ ಒಂದೇ ಒಂದು ಗುಳಿಗೆಯ ದುಡ್ಡಿನಲ್ಲಿ ಇಲ್ಲಿ 84 ಗುಳಿಗೆ! ಪೈಪೋಟಿ ಹೆಚ್ಚಿದಂತೆ ಬೆಲೆ ಇನ್ನೂ ಇಳಿಯಿತು.

ಸೂಜಿ ತಂದ ರೋಗ, ಗುಳಿಗೆ ತೊಳೆದ ದೇಶ

ಈ ಔಷಧದ ಶಕ್ತಿ ನೋಡಬೇಕಾದರೆ ಈಜಿಪ್ಟಿಗೆ ಹೋಗಬೇಕು. ನೈಲ್ ನದಿಯ ಕಾಲುವೆಗಳಲ್ಲಿ ಇಳಿಯುವ ರೈತರಿಗೆ ಬಸವನಹುಳುವಿನ ಮೂಲಕ ಹರಡುವ ಬಿಲ್ಹಾರ್ಜಿಯಾ ಎಂಬ ಹುಳುರೋಗ ಅಲ್ಲಿ ಬಹಳ ಇತ್ತು. ಸರ್ಕಾರ 1950ರ ದಶಕದಿಂದ 1980ರ ದಶಕದ ಆರಂಭದವರೆಗೂ ಊರೂರಿಗೆ ಹೋಗಿ ಜನರಿಗೆ ಚುಚ್ಚುಮದ್ದು ಕೊಡಿಸಿತು. ಉದ್ದೇಶ ಒಳ್ಳೆಯದೇ. ಆದರೆ ಗಾಜಿನ ಸಿರಿಂಜುಗಳನ್ನು ಸರಿಯಾಗಿ ಕುದಿಸದೆ ಒಬ್ಬರಿಂದ ಇನ್ನೊಬ್ಬರಿಗೆ ಬಳಸಿದರು. ಹುಳುರೋಗದ ಮದ್ದಿನ ಜೊತೆ ಹೆಪಟೈಟಿಸ್ ಸಿ ಮನೆಮನೆಗೆ ಹೋಯಿತು. ಜಗತ್ತಿನಲ್ಲೇ ಅತಿ ಹೆಚ್ಚು ಸೋಂಕಿನ ದೇಶಗಳ ಸಾಲಿಗೆ ಈಜಿಪ್ಟ್ ಸೇರಿತು.

2014ರಲ್ಲಿ ಆ ದೇಶ ಚೌಕಾಸಿ ಮಾಡಿ 84,000 ಡಾಲರಿನ ಚಿಕಿತ್ಸೆಯನ್ನು 900 ಡಾಲರಿಗೆ ಇಳಿಸಿತು. ಮುಂದೆ ತಾನೇ ಗುಳಿಗೆ ತಯಾರಿಸಿತು. 2018-19ರಲ್ಲಿ ಕೆಲವೇ ತಿಂಗಳಲ್ಲಿ ಸುಮಾರು 5 ಕೋಟಿ ಜನರ ರಕ್ತ ಪರೀಕ್ಷೆ ನಡೆಸಿ, ಸೋಂಕಿದ್ದವರಿಗೆ ಉಚಿತ ಚಿಕಿತ್ಸೆ ಕೊಟ್ಟಿತು. ಶೇಕಡ 10ರಷ್ಟಿದ್ದ ಸೋಂಕು ಹತ್ತು ವರ್ಷಗಳ ಸುಮಾರಿಗೆ ಶೇಕಡ 0.38ಕ್ಕೆ ಇಳಿಯಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ರೋಗ ನಿರ್ಮೂಲನದ ಹಾದಿಯಲ್ಲಿ ಈಜಿಪ್ಟ್ 'ಚಿನ್ನದ ದರ್ಜೆ' ತಲುಪಿದೆ ಎಂದು ಸಾರಿತು. ಈ ಗೌರವ ಪಡೆದ ಮೊದಲ ದೇಶ ಅದು.

ನಮ್ಮಲ್ಲಿ ಏನಾಗಿದೆ?

ನಮ್ಮ ದೇಶದಲ್ಲಿ ಪಂಜಾಬ್ ರಾಜ್ಯ 2016ರಲ್ಲಿ ಉಚಿತ ಚಿಕಿತ್ಸೆ ಆರಂಭಿಸಿತು. ಜಿಲ್ಲಾ ಆಸ್ಪತ್ರೆಗಳಲ್ಲೇ ಗುಳಿಗೆ ಕೊಟ್ಟು ಹತ್ತಾರು ಸಾವಿರ ಮಂದಿಗೆ ಚಿಕಿತ್ಸೆ ನೀಡಿ, ಹತ್ತರಲ್ಲಿ ಒಂಬತ್ತು ಮಂದಿ ಗುಣವಾಗುವುದನ್ನು ತೋರಿಸಿತು. 2018ರ ಜುಲೈ 28ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟಿತು. ಜುಲೈ 28 ಬ್ಲೂಂಬರ್ಗ್ ಅವರ ಹುಟ್ಟುಹಬ್ಬ. ವಿಶ್ವ ಹೆಪಟೈಟಿಸ್ ದಿನವೂ ಅದೇ. ಈ ಕಾರ್ಯಕ್ರಮದಡಿ ಆಯ್ದ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಸಿರೋಸಿಸ್ ಇಲ್ಲದವರಿಗೆ ಸೋಫೊಸ್‌ಬುವಿರ್ ಮತ್ತು ಡಕ್ಲಾಟಾಸ್ವಿರ್ ಹನ್ನೆರಡು ವಾರ. ಸಿರೋಸಿಸ್ ಇದ್ದವರಿಗೆ ವೆಲ್ಪಟಾಸ್ವಿರ್ ಇರುವ ಜೋಡಿ. ಮೂರು ವರ್ಷ ತುಂಬಿದ ಮಕ್ಕಳಿಗೂ ಇಂಥ ಔಷಧ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಲಹೆ ಮಾಡಿದೆ.

ಮದ್ದಿದೆ, ಬೆಲೆ ಇಳಿದಿದೆ, ಸರ್ಕಾರವೇ ಕೊಡುತ್ತಿದೆ. ಮತ್ತೇಕೆ ಸಾವು? ಉತ್ತರ ಸರಳ. ರೋಗ ಇದೆಯೆಂದೇ ರೋಗಿಗೆ ಗೊತ್ತಿಲ್ಲ! 2022ರ ಕೊನೆಯವರೆಗೆ ಜಗತ್ತಿನ ಸೋಂಕಿತರಲ್ಲಿ ಪತ್ತೆಯಾದವರು ಶೇಕಡ 36, ಚಿಕಿತ್ಸೆ ಪಡೆದವರು ಶೇಕಡ 20 ಮಾತ್ರ.

ತಂದೆ ತಾಯಿಗಳು ತಿಳಿದಿರಬೇಕಾದದ್ದು

ಈ ವೈರಸ್ ಹರಡುವುದು ನೆತ್ತರಿನಿಂದ ನೆತ್ತರಿಗೆ. ಒಂದೇ ತಟ್ಟೆಯ ಊಟ, ಕೈಕುಲುಕುವುದು, ಅಪ್ಪಿಕೊಳ್ಳುವುದು, ಸೊಳ್ಳೆ ಕಡಿತ ಇವುಗಳಿಂದ ಬರುವುದಿಲ್ಲ. ಸೋಂಕಿತರನ್ನು ದೂರ ಇಡುವುದು ಅನ್ಯಾಯವೂ ಹೌದು, ಅಜ್ಞಾನವೂ ಹೌದು.

ಸಣ್ಣಪುಟ್ಟ ಜ್ವರಕ್ಕೂ 'ಡಾಕ್ಟರೇ, ಒಂದು ಇಂಜೆಕ್ಷನ್ ಹಾಕಿಬಿಡಿ' ಎಂದು ನಾವೇ ಕೇಳುವುದುಂಟು. ಈ ಅಭ್ಯಾಸ ಬಿಡಬೇಕು. ಚುಚ್ಚಲೇಬೇಕಾದಾಗ ಹೊಸ ಸಿರಿಂಜನ್ನು ನಮ್ಮ ಕಣ್ಣ ಮುಂದೆ ಒಡೆದು ಬಳಸಲಿ. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡನ್ನೇ ಕೇಳಿ. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವ ಹುಮ್ಮಸ್ಸಿನ ಹುಡುಗರು, ಸೂಜಿ ತನಗಿಂತ ಮೊದಲು ಯಾರ ಮೈ ಹೊಕ್ಕಿತ್ತು ಎಂದು ಯೋಚಿಸಬೇಕು. ಮಾದಕ ವಸ್ತುವಿನ ಸೂಜಿ ಹಂಚಿಕೊಳ್ಳುವುದಂತೂ ಸೋಂಕನ್ನು ಕರೆದು ಕೂರಿಸಿದಂತೆ.

ಹಿಂದೆ ರಕ್ತ ಪಡೆದವರು, ಮುಖ್ಯವಾಗಿ ರಕ್ತನಿಧಿಗಳಲ್ಲಿ ಈ ಪರೀಕ್ಷೆ ಕಡ್ಡಾಯವಾಗುವ ಮೊದಲು ಪಡೆದವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಥಲಸೀಮಿಯಾ ಅಥವಾ ಹಿಮೋಫಿಲಿಯಾದಿಂದ ಪದೇಪದೇ ರಕ್ತ ಪಡೆಯುವ ಮಕ್ಕಳು, ಸೋಂಕಿತ ತಾಯಿಯ ಮಕ್ಕಳು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು. ಮೊದಲ ಪರೀಕ್ಷೆ ಪ್ರತಿಕಾಯ ಇದೆಯೇ ಎಂದು ನೋಡುತ್ತದೆ. ಇದೆ ಎಂದರೆ ಗಾಬರಿ ಬೇಡ. ವೈರಸ್ ಹೋದ ಮೇಲೂ ಪ್ರತಿಕಾಯ ಉಳಿಯುತ್ತದೆ. ವೈರಸ್ಸಿನ ಆರ್‌ಎನ್‌ಎ ಪರೀಕ್ಷೆಯಾದ ಮೇಲೆಯೇ ಸೋಂಕು ಖಚಿತ. ಚಿಕಿತ್ಸೆ ಮುಗಿದು ಹನ್ನೆರಡು ವಾರದ ನಂತರವೂ ಆರ್‌ಎನ್‌ಎ ಕಾಣದಿದ್ದರೆ ಗುಣವಾಯಿತೆಂದು ಅರ್ಥ.

ಗುಳಿಗೆ ಸೌಮ್ಯ ಎಂದು ತಾವೇ ಅಂಗಡಿಯಿಂದ ಕೊಂಡು ನುಂಗುವಂತಿಲ್ಲ. ಹೃದಯದ ಬಡಿತ ಸರಿಪಡಿಸುವ ಅಮಿಯೊಡರೋನ್ ಜೊತೆ ಸೋಫೊಸ್‌ಬುವಿರ್ ಸೇರಿದರೆ ಬಡಿತ ಅಪಾಯಕರವಾಗಿ ಇಳಿಯಬಹುದು. ಹೆಪಟೈಟಿಸ್ ಬಿ ಜೊತೆಗಿದ್ದರೆ ಅದು ಕೆರಳಬಹುದು. ಆದ್ದರಿಂದ ಮೊದಲು ಅದರ ಪರೀಕ್ಷೆಯಾಗಬೇಕು. ಸಿರೋಸಿಸ್ ಆಗಿದ್ದವರು ವೈರಸ್ ಹೋದ ಮೇಲೂ ಕ್ಯಾನ್ಸರಿನ ಮೇಲೆ ಕಣ್ಣಿಟ್ಟು ನಿಯತವಾಗಿ ತಪಾಸಣೆ ಮಾಡಿಸಬೇಕು. ಇನ್ನೊಂದು ಮಾತು: ಒಮ್ಮೆ ಗುಣವಾದವರಿಗೆ ಮತ್ತೆ ಬರುವುದಿಲ್ಲವೆಂದಿಲ್ಲ. ಲಸಿಕೆಯೂ ಇನ್ನೂ ಇಲ್ಲ. ಒಂದು ಲಸಿಕೆಯ ಪ್ರಯೋಗ ಕೈಗೂಡಲಿಲ್ಲವೆಂದು 2021ರಲ್ಲಿ ವರದಿಯಾಯಿತು. ಹೆಪಟೈಟಿಸ್ ಬಿಗೆ ಮಾತ್ರ ಒಳ್ಳೆಯ ಲಸಿಕೆ ಇದೆ. ಅದನ್ನು ಶಿಶುವಿಗೆ ಹುಟ್ಟಿದೊಡನೆ ಹಾಕಿಸುವುದನ್ನು ಮರೆಯಬಾರದು.

ವಿದ್ಯಾರ್ಥಿಗಳಿಗೆ ಒಂದು ಮಾತು. ಐಸಾಕ್ಸ್ ಮತ್ತು ಲಿಂಡೆನ್‌ಮನ್ ನೋಡುತ್ತಿದ್ದದ್ದು ಕೋಳಿಮೊಟ್ಟೆಯನ್ನು. ರೈಸ್ ಮೊದಲು ಓದಿದ್ದು ಹಳದಿ ಜ್ವರದ ವೈರಸ್ಸನ್ನು. ಇವರಲ್ಲಿ ಯಾರೂ 'ನಾಳೆ ಗುಳಿಗೆ ಮಾಡುತ್ತೇನೆ' ಎಂದು ಹೊರಟವರಲ್ಲ. ಒಬ್ಬರು ಬಿಟ್ಟ ಎಳೆಯನ್ನು ಇನ್ನೊಬ್ಬರು ಹಿಡಿದರು. 1975ರಲ್ಲಿ ಹೆಸರೂ ಇಲ್ಲದಿದ್ದ ರೋಗ ನಲವತ್ತು ವರ್ಷ ಕಳೆಯುವುದರೊಳಗೆ ಹನ್ನೆರಡು ವಾರದಲ್ಲಿ ಗುಣವಾಗುವಂತಾಯಿತು. ಜೀವವಿಜ್ಞಾನದ ಪುಸ್ತಕದಲ್ಲಿ ಆರ್‌ಎನ್‌ಎ ಪಾಠ ಬಂದಾಗ, ಪರೀಕ್ಷೆಗೆ ಎಷ್ಟು ಅಂಕದ ಪ್ರಶ್ನೆ ಎಂದಷ್ಟೇ ನೋಡಬೇಡಿ. ಆ ಪಾಠವನ್ನು ಚೆನ್ನಾಗಿ ಓದಿಕೊಂಡವರಿಂದಲೇ ಈ ಗುಳಿಗೆ ಬಂದದ್ದು.

ವಿಜ್ಞಾನಿಗಳ ಪಾಲಿನ ಕೆಲಸ ಬಹುಪಾಲು ಆಗಿದೆ. 2030ರೊಳಗೆ ಈ ರೋಗವನ್ನು ಸಾರ್ವಜನಿಕ ಪಿಡುಗಿನ ಪಟ್ಟಿಯಿಂದ ತೆಗೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಗುರಿ ಇಟ್ಟಿದೆ. ಉಳಿದಿರುವುದು ನಮ್ಮ ಪಾಲಿನ ಕೆಲಸ. ನಿಮ್ಮ ಮನೆಯಲ್ಲಿ ಹಳೆಯ ಆಪರೇಷನ್ನೋ ಹೆರಿಗೆಯೋ ಆದಾಗ ರಕ್ತ ಏರಿಸಿಕೊಂಡ ಅಜ್ಜಿ, ಅಪ್ಪ, ಅತ್ತೆ ಯಾರಾದರೂ ಇದ್ದರೆ, ಮುಂದಿನ ಬಾರಿ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ನೆತ್ತರು ಕೊಡುವಾಗ ಹೆಪಟೈಟಿಸ್ ಸಿ ಪರೀಕ್ಷೆಯನ್ನೂ ಮಾಡಿ ಎಂದು ವೈದ್ಯರನ್ನು ಕೇಳಿ.